ಮುಖದ ಮಣೆ

ಗಾಯಕಿ ರತ್ನಾವಳಿಯವರ ಕಡೆಯ ಕಚೇರಿ ಭಾನುವಾರ ಬೆಳಗ್ಗೆ ಹತ್ತೂವರೆಗೆ ಎಂದು ನೇಕಾರರ ಸಂಘದ ಗೋಡೆಯ ಮೇಲೆ ಚೀಟಿ ಅಂಟಿಸಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಪಾಲಿಗೆ ಸಂತೆಯ ಹಾಡು ಇನ್ನು ಒಂದೇ ಒಂದು ಸಲ ಉಳಿದಿತ್ತು. ಹನ್ನೊಂದು ವರ್ಷದಿಂದ ಅದನ್ನು ಎತ್ತಿಟ್ಟುಕೊಂಡು ಬಂದಿದ್ದೆ. ಮಗಳ ಮದುವೆಗೆಂದು ಸೀರೆ ಎತ್ತಿಟ್ಟವರು ಆಗಾಗ ಪೆಟ್ಟಿಗೆ ತೆರೆದು ಮುಟ್ಟಿ ನೋಡಿಯಾದರೂ ನೋಡುತ್ತಾರೆ. ನನಗೆ ಅದೂ ಇಲ್ಲ.

ನಮ್ಮೂರಲ್ಲಿ ಯಾವ ಹಾಡೇ ಆಗಲಿ, ಒಬ್ಬರಿಗೆ ಏಳೇ ಸಲ ಕೇಳಿಸುವುದು. ಎಂಟನೆಯ ಸಲ ಹಾಡುವವರ ತುಟಿ ಆಡುತ್ತದೆ, ಹಾರ್ಮೋನಿಯಂನ ತಿದಿ ಏಳುತ್ತದೆ, ಬೀಳುತ್ತದೆ, ತಬಲದ ಮೇಲೆ ಬೆರಳು ಕುಣಿಯುತ್ತದೆ, ನಿಮ್ಮ ಕಿವಿಗೆ ಮಾತ್ರ ಏನೂ ಇಲ್ಲ. ಪಕ್ಕದವನು ತಲೆದೂಗುತ್ತಿರುತ್ತಾನೆ, ನೀವು ಫ್ಯಾನಿನ ಸದ್ದು ಕೇಳುತ್ತ ಕೂತಿರುತ್ತೀರಿ. ಯಾರು ಹಾಡಿದರೂ ಲೆಕ್ಕ, ರೇಡಿಯೋದಲ್ಲಿ ಬಂದರೂ ಲೆಕ್ಕ, ನೀವೇ ಗುನುಗಿಕೊಂಡರೂ ಲೆಕ್ಕ. ಪಲ್ಲವಿ ದಾಟಿತೋ, ಒಂದು ಸಲ ಹೋಯಿತು. ಅದಕ್ಕೇ ನಮ್ಮ ಟೀ ಅಂಗಡಿಗಳಲ್ಲಿ ವಾರ್ತೆ ಮುಗಿದ ಕೂಡಲೇ ರೇಡಿಯೋ ಬಂದ್. ಮದುವೆಮನೆಯ ಬಾಗಿಲಲ್ಲಿ ಪನ್ನೀರು, ಕಲ್ಲುಸಕ್ಕರೆಯ ಪಕ್ಕ ಒಂದು ಬಟ್ಟಲು ಹತ್ತಿ ಇಟ್ಟಿರುತ್ತಾರೆ. ಬಾಣಂತಿಯರು ಏಳು ರಾತ್ರಿಗೊಂದು ಹೊಸ ಲಾಲಿ ಹೊಂದಿಸಬೇಕು, ಇಲ್ಲದಿದ್ದರೆ ಮಗು ಮಲಗುವುದಿಲ್ಲ. ಹೊರಗಿನಿಂದ ಬರುವ ಬಸ್ಸು ಸೇತುವೆಯ ಆಚೆಯೇ ಟೇಪು ಆರಿಸಿ ಊರೊಳಗೆ ಬರಬೇಕು.

ಮೂರು ತಿಂಗಳ ಹಿಂದೆ ಒಂದು ಬಸ್ಸು ಆರಿಸದೆ ಬಂತು. ನಿಲ್ದಾಣದಲ್ಲಿದ್ದವರೆಲ್ಲ ಕಿವಿಗೆ ಬೆರಳಿಟ್ಟುಕೊಂಡು ದಿಕ್ಕಾಪಾಲಾದರು. ನನ್ನ ಎರಡು ಕೈಯಲ್ಲೂ ಬಟ್ಟೆಯ ಗಂಟು ಇತ್ತು. ಬಸ್ಸಿನಲ್ಲಿ ಬರುತ್ತಿದ್ದದ್ದು ನನಗೆ ಇನ್ನು ಎರಡೇ ಸಲ ಉಳಿದಿದ್ದ ಒಂದು ಸಿನಿಮಾ ಹಾಡು, ಅದರಲ್ಲಿ ಒಂದು ಹೋಯಿತು. ಗಂಟು ಕೆಳಗೆ ಹಾಕಿ ಕಂಡಕ್ಟರಳನ್ನು ಹಿಡಿದುಕೊಂಡು ಬಾಯಿಗೆ ಬಂದ ಹಾಗೆ ಬೈದೆ. ಆಕೆ ಹೊಸಬಳು, ನಸೀಮಾ ಎಂದು ಹೆಸರು, ಇಪ್ಪತ್ತೈದು ಇಪ್ಪತ್ತಾರು ವಯಸ್ಸು. ಟಿಕೆಟ್ ಮಷಿನ್ನನ್ನು ಎದೆಗವಚಿಕೊಂಡು, "ಅಯ್ಯೋ, ನಂಗೇನ್ರೀ ಗೊತ್ತು? ಬೇರೆ ಕಡೆ ಹಾಡು ಹಾಕ್ಲಿಲ್ಲ ಅಂದ್ರೆ ಬೈತಾರೆ, ಇಲ್ಲಿ ಹಾಕಿದ್ರೆ ಬೈತೀರಲ್ಲ!" ಎಂದಳು. ಮಾರನೆಯ ದಿನ ಖಾಕಿ ಅಂಗಿಯ ತೋಳು ಚಿಕ್ಕದು ಮಾಡಿಸಲು ನಮ್ಮ ಹೊಲಿಗೆ ಅಂಗಡಿಗೇ ಬಂದಳು. ನಾನು ಬೈದದ್ದನ್ನು ಅವಳು ಮರೆತೇ ಬಿಟ್ಟಿದ್ದಳು. ಅಂಥವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ನನಗೆ ಬರುವುದಿಲ್ಲ.

ಅವಳಿಗೆ ರತ್ನಾವಳಿಯವರ ವಿಷಯ ಹೇಳಲು ಶುರು ಮಾಡಿದೆ. ನನ್ನ ಅಕ್ಕ ಸುಮಿತ್ರಾ ಅಂಗಡಿಯಲ್ಲಿ ಗುಂಡಿ ಕಟ್ಟುತ್ತ ಕೂತಿರುತ್ತಾಳೆ, ನಾನು ಆ ಮಾತು ಎತ್ತಿದರೆ ಸಾಕು, "ಶುರುವಾಯ್ತಪ್ಪ ಪುರಾಣ" ಎನ್ನುತ್ತಾಳೆ. ಅವಳು ಹರೆಯದಲ್ಲಿ ಒಂದೇ ತಿಂಗಳಿಗೆ ಸಂತೆಯ ಹಾಡನ್ನು ಏಳೂ ಸಲ ಕೇಳಿ ಮುಗಿಸಿದವಳು, ಅದಕ್ಕೆ ಅಸೂಯೆ. ನಸೀಮಾ ಮಾತ್ರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. "ಅಂಥದ್ದೇನಿದೆ ಪ್ರಫುಲ್ಲಕ್ಕ ಆ ಹಾಡಲ್ಲಿ?" ಎಂದಳು ಒಂದು ದಿನ.

ಏನಿದೆ ಎಂದರೆ ಏನು ಹೇಳುವುದು! ಒಬ್ಬ ಹೆಂಗಸು ಸಂತೆಗೆ ಹೋಗುತ್ತಾಳೆ, ಏನು ಕೊಳ್ಳಲು ಬಂದೆ ಎನ್ನುವುದೇ ಮರೆತುಹೋಗುತ್ತದೆ. ಇಡೀ ದಿನ ಬಳೆ ನೋಡುತ್ತಾಳೆ, ಬೆಲ್ಲ ನೋಡುತ್ತಾಳೆ, ಕರುವಿನ ಹಣೆ ಸವರುತ್ತಾಳೆ, ಸಂಜೆ ಬರಿಗೈಯಲ್ಲಿ ಮನೆಗೆ ಬರುತ್ತಾಳೆ. ಅಷ್ಟೇ ಹಾಡು. ಆದರೆ ಮೂರನೆಯ ಚರಣದಲ್ಲಿ ಆ 'ಬರಿಗೈ' ಎನ್ನುವ ಮಾತಿಗೆ ರತ್ನಾವಳಿಯವರ ದನಿ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಹೋದ ಮೇಲೆ ಇಳಿಯುವುದೇ ಇಲ್ಲವೇನೋ ಎಂದು ನಮ್ಮ ಉಸಿರು ಕಟ್ಟುತ್ತದೆ. ಆಮೇಲೆ ಇಳಿಯುತ್ತದೆ, ನಗುನಗುತ್ತ. ಆ ಜಾಗಕ್ಕಾಗಿ ನಾನು ಸತ್ತು ಬದುಕಿದ್ದೇನೆ.

ಮೊದಲ ಸಲ ಕೇಳಿದಾಗ ನನಗೆ ಹತ್ತೊಂಬತ್ತು. ಯಾವುದೋ ಅಂಗಡಿಯ ಉದ್ಘಾಟನೆ, ಲಾಡು ಕೊಡುತ್ತಾರೆಂದು ಹೋದವಳು ಲಾಡು ಮರೆತು ಬಂದೆ. ಎರಡನೆಯದನ್ನು ತಡೆಯಲಾರದೆ ಅದೇ ವಾರ ಕೇಳಿದೆ. ಮೂರನೆಯ ಸಲ ಕರೆಂಟು ಹೋಯಿತು, ಮೈಕಿಲ್ಲದೆ ಹಾಡಿದರು, ನಾನು ಎರಡನೆಯ ಸಾಲಿನಲ್ಲಿದ್ದೆ. ಬರಿಗೈಗೆ ಬಂದಾಗ ಅವರ ಕುತ್ತಿಗೆಯಲ್ಲಿ, ಗಂಟಲಿನ ಎಡಕ್ಕೆ, ಒಂದು ಗುಳಿ ಬಿದ್ದದ್ದು ಕೂಡ ಕಂಡಿತು. ಹಾಗೆ ಕೇಳುವ ಭಾಗ್ಯ ಮತ್ತೆ ಸಿಗಲಿಲ್ಲ. ನಾಲ್ಕನೆಯದು ಅಪ್ಪ ತೀರಿಕೊಂಡ ಹದಿನೈದನೆಯ ದಿನ, ಯಾರಿಗೂ ಹೇಳದೆ ಹೋಗಿ ಕೇಳಿ ಅತ್ತು ಬಂದೆ. ಐದನೆಯದು ಹಾಳಾಯಿತು, ಹಿಂದೆ ಕೂತ ಮಹರಾಯ ಉದ್ದಕ್ಕೂ ಕಡಲೆಕಾಯಿ ಸುಲಿದ. ಆರನೆಯ ಸಲದ ನಂತರ ಹೆದರಿಕೆ ಹಿಡಿಯಿತು. ಅಲ್ಲಿಂದಾಚೆ ಆ ಹಾಡಿನ ಸರದಿ ಬಂದಾಗಲೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಸಭಾಂಗಣದ ಹೊರಗೆ ನಲ್ಲಿಯ ಹತ್ತಿರ ನಿಂತಿದ್ದೇನೆ. ಏಳನೆಯದನ್ನು ಹೇಗೆ ಕೇಳಬೇಕೆಂದು ನಿಶ್ಚಯಿಸಿದ್ದೆ. ಹಿಂದಿನ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಯಾರ ಹಂಗೂ ಇಲ್ಲದೆ.

ಮಂಗಳವಾರ ಹಾರ್ಮೋನಿಯಂ ವಾಮನಯ್ಯನವರು ಅಂಗಡಿಗೆ ಬಂದರು. ಹೊಲಿಸಲು ಏನೂ ತಂದಿರಲಿಲ್ಲ. ಸ್ಟೂಲಿನ ತುದಿಯಲ್ಲಿ ಕೂತು, "ಪ್ರಫುಲ್ಲಮ್ಮ, ಭಾನುವಾರ ನೀವು ಮಣೆ ಮೇಲೆ ಕೂತ್ಕೋಬೇಕು" ಎಂದರು. ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು.

ಮಣೆ ಎಂದರೆ ಮುಖದ ಮಣೆ. ಹಾಡುವವರಿಗೂ ಅದೇ ಏಳು ಸಲ ತಾನೇ? ಅಭ್ಯಾಸದಲ್ಲೇ ಅದು ಮುಗಿದುಹೋಗುತ್ತದೆ. ಆಮೇಲೆ ಅವರು ತಮ್ಮ ಹಾಡು ತಮಗೇ ಕೇಳಿಸದೆ ಹಾಡಬೇಕು. ಶ್ರುತಿ ತಪ್ಪಿದರೆ ಗೊತ್ತಾಗುವುದು ಹೇಗೆ? ಅದಕ್ಕೆ ವೇದಿಕೆಯ ಮುಂದೆ ಒಂದು ಮಣೆ ಹಾಕಿ, ಹಾಡು ಬಲ್ಲವರೊಬ್ಬರನ್ನು ಕೂರಿಸುತ್ತಾರೆ. ಅವರೇ ಮುಖ. ಸರಿಯಿದ್ದರೆ ಕಣ್ಣು ನಿಶ್ಚಲ. ದನಿ ಕೆಳಗಿದ್ದರೆ ಗದ್ದ ಎತ್ತಬೇಕು, ಮೇಲಿದ್ದರೆ ತಗ್ಗಿಸಬೇಕು. ಹುಬ್ಬು ಗಂಟಿಕ್ಕಿದರೆ ತಾಳ ತಪ್ಪಿದೆ ಎಂದು. ಹಾಡುವವರು ಆ ಮುಖ ಬಿಟ್ಟು ಬೇರೆ ನೋಡುವುದಿಲ್ಲ, ಮುಖವಾದವರು ಕಣ್ಣು ಮುಚ್ಚುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಸುಳ್ಳು ಹೇಳುವಂತೆಯೂ ಇಲ್ಲ.

"ಬೇರೆ ಯಾರೂ ಸಿಗ್ಲಿಲ್ವಾ?" ಎಂದೆ.

"ಯಾರಿದ್ದಾರೆ ಹೇಳಿ. ಹಾಡು ಗೊತ್ತಿರೋರಿಗೆಲ್ಲ ಏಳೂ ಮುಗಿದಿದೆ. ನನಗೇ ಮುಗಿದು ಇಪ್ಪತ್ತು ವರ್ಷ ಆಯ್ತು, ಬೆರಳ ನೆನಪಲ್ಲಿ ನುಡಿಸ್ತೀನಿ. ಕಿವಿ ಇರೋ ಹುಡುಗರಿಗೆ ಹಾಡು ಎಲ್ಲಿ ಏರ್ಬೇಕು, ಎಲ್ಲಿ ನಿಲ್ಬೇಕು ಅಂತ್ಲೇ ಗೊತ್ತಿಲ್ಲ. ಎರಡೂ ಇರೋರು ಅಂದ್ರೆ ಈ ಊರಲ್ಲಿ ನೀವೊಬ್ರೇ."

"ಹಾಗಾದ್ರೆ ಆ ಹಾಡು ಬಿಟ್ಟು ಬೇರೆ ಹಾಡ್ಲಿ."

"ಕಚೇರಿ ಆದ್ಮೇಲೆ ಬರೋ ಬುಧವಾರ ಅವರ ಗಂಟಲ ಆಪರೇಷನ್ ಇದೆ. ಆಮೇಲೆ ದನಿ ಇರುತ್ತೋ ಇಲ್ವೋ, ಡಾಕ್ಟ್ರೂ ಬಾಯಿ ಬಿಡ್ತಿಲ್ಲ. ಈ ಹಾಡಿಂದ ಶುರು ಮಾಡ್ದೋಳು, ಇದನ್ನ ಹಾಡ್ದೆ ಏಳಲ್ಲ ಅಂತ ಕೂತಿದ್ದಾರೆ. ಮುಖ ಇಲ್ದೇನೇ ಹಾಡ್ತಾರಂತೆ." ವಾಮನಯ್ಯ ತಲೆ ತಗ್ಗಿಸಿದರು. "ಮೊನ್ನೆ ಹಾಗೇ ಹಾಡಿ ನೋಡಿದ್ರು. ನಮ್ಮ ಅಳಿಯ ಕೇಳ್ತಿದ್ದ. ಅವನ ಮುಖ ಹುಣಸೆಹಣ್ಣು ತಿಂದ ಹಾಗಾಯ್ತು. ಅವರಿಗೆ ನಾನು ಹೇಳ್ಲಿಲ್ಲ, ಹೇಗೆ ಹೇಳ್ಲಿ? ನಾನಿಲ್ಲಿಗೆ ಬಂದಿರೋದೂ ಅವರಿಗೆ ಗೊತ್ತಿಲ್ಲ."

ನನಗೆ ಸಿಟ್ಟು ಬಂತು. ನನ್ನ ಹನ್ನೊಂದು ವರ್ಷ ಇವರಿಗೆ ಏನೂ ಅಲ್ಲವೇ? ಮಣೆಯ ಮೇಲೆ ಕೂತು ಕೇಳುವುದು ಕೇಳುವುದೇ ಅಲ್ಲ, ಅದು ಕೂಲಿ. ಪ್ರತಿ ಸ್ವರವನ್ನೂ ತೂಗುತ್ತ ಕೂರಬೇಕು. ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ವಾಮನಯ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಆಗ ಸುಮಿತ್ರಕ್ಕ ಗುಂಡಿಯಿಂದ ಕಣ್ಣೆತ್ತದೆ, "ಭಾನುವಾರ ಅವರು ಅಪಸ್ವರ ಹಾಡಿದ್ರೆ ನಿನ್ನ ಕಂಬಕ್ಕೂ ಅದೇ ಕೇಳ್ಸೋದು" ಎಂದಳು. ಅಕ್ಕನ ಬಾಯಿಗೆ ಬೆಂಕಿ ಬೀಳಲಿ ಎಂದುಕೊಂಡೆ. ಆದರೂ ಬೀದಿಯ ತಿರುವಿನವರೆಗೆ ಓಡಿ ಹೋಗಿ ವಾಮನಯ್ಯನವರನ್ನು ನಿಲ್ಲಿಸಿ, ಕೂರುತ್ತೇನೆ ಎಂದು ಹೇಳಿ ಬಂದೆ.

ಅಲ್ಲಿಂದ ನನ್ನ ಮೈಮೇಲೆ ನನಗೆ ನಿಗಾ ಇರಲಿಲ್ಲ. ಹೆದರಿಕೆ ಒಂದು ಕಡೆ, ಸುಳ್ಳೇಕೆ ಹೇಳಲಿ, ಸಂತೋಷ ಇನ್ನೊಂದು ಕಡೆ. ರತ್ನಾವಳಿಯವರು ಇಡೀ ಹಾಡು ನನ್ನನ್ನೇ ನೋಡಿಕೊಂಡು ಹಾಡುತ್ತಾರೆ! ಕನ್ನಡಿಯ ಮುಂದೆ ನಿಂತು ಗದ್ದ ಎತ್ತುವುದು, ತಗ್ಗಿಸುವುದು ಅಭ್ಯಾಸ ಮಾಡಿದೆ. ಗುರುವಾರ ಮಧ್ಯಾಹ್ನ ಶಾಲೆಯ ಸಮವಸ್ತ್ರದ ರಾಶಿ ಹೊಲಿಯುತ್ತಿದ್ದೆ. ಹೊಲಿಗೆ ಮಷಿನ್ನು ಒಂದೇ ಸಮನೆ ಓಡುತ್ತಿತ್ತು, ಮನಸ್ಸು ಎಲ್ಲೋ ಇತ್ತು. ಸುಮಿತ್ರಕ್ಕ ಇದ್ದಕ್ಕಿದ್ದ ಹಾಗೆ, "ಏನೇ ಅದು ಒಂದೇ ಸಮ ತುಟಿ ಆಡಿಸ್ತಿದ್ದೀಯ? ಒಂದಕ್ಷರ ಕೇಳ್ಸಲ್ಲ" ಎಂದಳು. "ಅಳತೆ ಲೆಕ್ಕ ಹಾಕ್ತಿದ್ದೀನಿ. ಮಷಿನ್ ಸದ್ದಿಗೆ ನಿನ್ನ ಕಿವಿ ಹೋಗಿದೆ" ಎಂದೆ. ಅಷ್ಟಕ್ಕೇ ಬಿಟ್ಟೆವು.

ಭಾನುವಾರ ಸಭಾಂಗಣ ತುಂಬಿತ್ತು. ನಸೀಮಾ ಖಾಕಿ ಅಂಗಿಯಲ್ಲೇ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದಳು, ಅವಳ ಬಸ್ಸು ಹೊರಡುವುದು ಒಂದು ಗಂಟೆಗೆ. ರತ್ನಾವಳಿಯವರು ಮಾಸಲು ಹಸಿರು ಸೀರೆಯಲ್ಲಿದ್ದರು, ಕುತ್ತಿಗೆ ಇಳಿದುಹೋಗಿತ್ತು. ಹೊಸ ಹಾಡುಗಳಿಗೆ ಬೇರೆ ಮುಖಗಳು ಕೂತು ಎದ್ದವು. ದನಿ ಅಲ್ಲಲ್ಲಿ ಸೀಳುತ್ತಿತ್ತು, ಮುಖ ನೋಡಿ ಸರಿಮಾಡಿಕೊಳ್ಳುತ್ತಿದ್ದರು. ಕಡೆಗೆ ವಾಮನಯ್ಯ ಕೆಂಪು ಟವೆಲು ಎತ್ತಿ ಬೀಸಿದರು. ಮುಂದಿನ ಹಾಡು ಯಾವುದೆಂದು ಕೂಗಿ ಹೇಳಿದರು. ಉಳಿಸಿಕೊಳ್ಳುವವರು ಹೊರಗೆ ಹೋಗಲೆಂದು ಅದು. ಅಂದು ಒಬ್ಬರೂ ಏಳಲಿಲ್ಲ. ಏಳೂ ಮುಗಿದ ಮುದುಕರು ಕೂಡ ನೋಡಲೆಂದೇ ಕೂತರು.

ನಾನು ಹೋಗಿ ಮಣೆಯ ಮೇಲೆ ಕೂತೆ. ರತ್ನಾವಳಿಯವರು ಕಣ್ಣು ಕಿರಿದು ಮಾಡಿ ನೋಡಿದರು. "ನೀನಾ? ನಲ್ಲಿ ಹತ್ರ ನಿಲ್ತಿದ್ದೋಳಲ್ವಾ ನೀನು? ಎಷ್ಟಿದೆ ನಿನ್ಹತ್ರ?"

"ಒಂದಿದೆ ಅಮ್ಮ."

"ಕಡೇದನ್ನ ತಂದು ಇಲ್ಲಿ ಸುರೀತೀಯಾ? ಹುಚ್ಚಿ." ಅವರ ಕಣ್ಣು ಒದ್ದೆಯಾಯಿತು. ಸೆರಗು ಸರಿಮಾಡಿಕೊಂಡು, ನನ್ನ ಮುಖದ ಮೇಲೆ ಕಣ್ಣಿಟ್ಟು, ಬಾಯಿ ತೆರೆದರು.

ಫ್ಯಾನು ತಿರುಗುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ರತ್ನಾವಳಿಯವರ ತುಟಿ ಆಡುತ್ತಿತ್ತು, ವಾಮನಯ್ಯನವರ ಬೆರಳು ಓಡುತ್ತಿತ್ತು. ಇನ್ನೂ ಶುರುವಾಗಿಲ್ಲ, ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಎಂದೇ ಒಂದು ಗಳಿಗೆ ನಂಬಿದ್ದೆ. ಆಮೇಲೆ ಅವರ ತುಟಿಯಲ್ಲಿ 'ಸಂತೆ' ಎಂಬ ಮಾತು ಕಂಡಿತು. ಲೆಕ್ಕ ತಪ್ಪಿತೇ? ಲಾಡು, ಅದೇ ವಾರ, ಕರೆಂಟು, ಅಪ್ಪ, ಕಡಲೆಕಾಯಿ, ಹೆದರಿದ್ದು. ಆರೇ ಆರು! ಆಗ ಸುಮಿತ್ರಕ್ಕನ ಮಾತು ನೆನಪಾಯಿತು. ತುಟಿ ಆಡಿಸ್ತಿದ್ದೀಯ, ಒಂದಕ್ಷರ ಕೇಳ್ಸಲ್ಲ. ಏಳೂ ಮುಗಿದಿದ್ದ ಅವಳಿಗೆ ಏಕೆ ಕೇಳಿಸಲಿಲ್ಲ ಎಂದು ಈಗ ತಿಳಿಯಿತು. ನಾನು ಅಂದು ಹಾಡುತ್ತಿದ್ದೆ. ಹೊಲಿಗೆ ಮಷಿನ್ನಿನ ಸದ್ದಿನಲ್ಲಿ, ಅಂಗಿಯ ಕಾಲರು ಹೊಲಿಯುತ್ತ, ಹನ್ನೊಂದು ವರ್ಷ ಕಾಪಾಡಿದ್ದನ್ನು ನಾನೇ ಗುನುಗಿ ಮುಗಿಸಿದ್ದೆ. ಕಿವಿ ಕೇಳಿತ್ತು, ನಾನು ಕೇಳಿರಲಿಲ್ಲ.

ಗಟ್ಟಿಯಾಗಿ ಕಿರುಚಿ ಅತ್ತುಬಿಡೋಣ ಎನಿಸಿತು. ಎದ್ದು ಓಡೋಣ ಎನಿಸಿತು. ಆದರೆ ರತ್ನಾವಳಿಯವರ ಎರಡು ಕಣ್ಣು ನನ್ನ ಮುಖದ ಮೇಲಿದ್ದವು. ಸರಿಯಿದೆಯಾ, ಸರಿಯಿದೆಯಾ ಎಂದು ಪ್ರತಿ ಸಾಲಿಗೂ ಕೇಳುತ್ತಿದ್ದವು. ನಾನು ಎದ್ದರೆ ಹಾಡು ಅಲ್ಲಿಗೇ ನಿಲ್ಲುತ್ತದೆ, ಮತ್ತೆ ಯಾವತ್ತೂ ಏಳುವುದಿಲ್ಲ. ಹಾಳಾಗಲಿ ನನ್ನ ಸಂಕಟ ಎಂದುಕೊಂಡು ಮಣೆಯ ಅಂಚು ಬಿಗಿಯಾಗಿ ಹಿಡಿದೆ. ಅವರ ತುಟಿಯ ಮೇಲೆ ಪದ ಹಿಡಿದುಕೊಂಡು, ಕರೆಂಟು ಹೋದ ಆ ಮೂರನೆಯ ಸಲವನ್ನು ತಲೆಯೊಳಗೆ ಓಡಿಸತೊಡಗಿದೆ. ಅಂದು ಎಲ್ಲಿ ನನ್ನ ಉಸಿರು ನಿಂತಿತ್ತೋ ಇಂದೂ ಅಲ್ಲೇ ನಿಲ್ಲಿಸಿದೆ. ಬಳೆಯ ಸಾಲು ಬಂತು. ಬೆಲ್ಲದ ಸಾಲು ಬಂತು. ನನ್ನ ಮುಖ ನೋಡುತ್ತ ಅವರು ಮುಂದೆ ಮುಂದೆ ಬರುತ್ತಿದ್ದರು. ಕೇಳಿಸದವಳ ಕೈ ಹಿಡಿದುಕೊಂಡು ಕೇಳಿಸದವರೊಬ್ಬರು ಹಾಡುತ್ತಿದ್ದಾರೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ಚರಣ ಬಂತು. ಅವರ ಎದೆ ಏರಿತು, ಬಾಯಿ ಅಗಲವಾಯಿತು, 'ಬರಿಗೈ'. ಕುತ್ತಿಗೆಯ ನರ ಉಬ್ಬಿತು. ನಾನು ಗಂಟಲಿನ ಎಡಕ್ಕೆ ನೋಡಿದೆ. ಗುಳಿ ಇರಲಿಲ್ಲ. ಎಷ್ಟು ನೋಡಿದರೂ ಇರಲಿಲ್ಲ. ದನಿ ಕೆಳಗಿದೆ ಎಂದು ನನಗೆ ಅನಿಸಿತು, ಆದರೆ ಅನಿಸಿದ್ದು ಮಾತ್ರ. ವಯಸ್ಸಾದ ಕುತ್ತಿಗೆ, ಜೋತ ಚರ್ಮ, ಗುಳಿ ಬೀಳದೆಯೂ ದನಿ ಸರಿಯಿರಬಹುದು. ಸರಿಯಿದ್ದದ್ದನ್ನು ನಾನು ಮೇಲೆತ್ತಿಸಿದರೆ ದನಿ ಸೀಳುತ್ತದೆ, ಆಪರೇಷನ್ನಿಗೆ ಮೊದಲೇ ಇಲ್ಲೇ ಹರಿದುಹೋಗುತ್ತದೆ. ಹಿಂದೆ ತಿರುಗಿ ಜನರ ಮುಖ ನೋಡುವಂತಿಲ್ಲ. ರತ್ನಾವಳಿಯವರ ಕಣ್ಣು ಕೇಳುತ್ತಲೇ ಇದ್ದವು. ನಾನು ಗದ್ದ ಎತ್ತಿದೆ.

ಅವರು ಕಣ್ಣು ಅರಳಿಸಿದರು. ಇನ್ನೂ ಮೇಲೆಯಾ ಎಂದು ಆ ಕಣ್ಣು ಹೆದರಿದವು. ನಾನು ಗದ್ದ ಇಳಿಸಲಿಲ್ಲ. ಅವರು ಮಂಡಿಯ ಮೇಲೆ ಕೈ ಊರಿ ಇಡೀ ಮೈ ಎತ್ತಿದರು. ಗಂಟಲಿನ ಪಕ್ಕ, ಆ ಜೋತ ಚರ್ಮದಲ್ಲಿ, ಹೆಬ್ಬೆಟ್ಟು ಒತ್ತಿದ ಹಾಗೆ ಒಂದು ಗುಳಿ ಬಿತ್ತು. ನಾನು ಕಣ್ಣನ್ನು ನಿಶ್ಚಲ ಮಾಡಿ ಹಿಡಿದೆ. ನೀರು ತುಂಬಿ ಅವರ ಮುಖ ಕಾಣದಾಯಿತು, ರೆಪ್ಪೆ ಮಾತ್ರ ಹೊಡೆಯಲಿಲ್ಲ.

ಹಾಡು ಮುಗಿಯಿತು ಎಂದು ನನಗೆ ತಿಳಿದದ್ದು ಚಪ್ಪಾಳೆ ಕೇಳಿದಾಗ. ಚಪ್ಪಾಳೆ ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. ಆದರೆ ಚಪ್ಪಾಳೆಯನ್ನು ನಂಬುವ ಹಾಗಿಲ್ಲ, ಕಡೆಯ ಕಚೇರಿಗೆ ಜನ ಹೇಗಿದ್ದರೂ ತಟ್ಟುತ್ತಾರೆ.

ವೇದಿಕೆಯ ಹಿಂದಿನ ಕೋಣೆಯಲ್ಲಿ ರತ್ನಾವಳಿಯವರು ನನ್ನ ಕೈ ಹಿಡಿದುಕೊಂಡರು. ಮಾತು ಪಿಸುಗುಡುವಷ್ಟೇ ಉಳಿದಿತ್ತು. "ಹೇಳೇ. ಬರಿಗೈ ಸರಿಯಾಗಿ ಕೂತಿತಾ?" ವಾಮನಯ್ಯ ಮಣೆ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಕೂತಿತು ಎನ್ನುವುದಕ್ಕೆ ಎಷ್ಟು ಹೊತ್ತು? ನನ್ನ ಬಾಯಿಗೂ ಬಂತು. ಆದರೆ ಮುಖವಾಗಿ ಕೂತವಳು ಸುಳ್ಳು ಹೇಳಬಾರದು. "ಅಮ್ಮ, ನನಗೆ ಕೇಳ್ಸಲೇ ಇಲ್ಲ" ಎಂದೆ. ಗುರುವಾರದ್ದನ್ನೆಲ್ಲ ಹೇಳಿದೆ, ಅಳುತ್ತಲೇ ಹೇಳಿದೆ.

ಅವರು ನನ್ನ ಕೈ ಬಿಟ್ಟರು. "ಹಾಗಾದ್ರೆ ಗದ್ದ ಯಾಕೆ ಎತ್ತಿದೆ?"

"ಗುಳಿ ಬಿದ್ದಿರ್ಲಿಲ್ಲ."

"ಯಾವ ಗುಳಿ?" ಎಂದರು. ತೋರಿಸಿದೆ. ಅವರು ಬೆರಳಿಟ್ಟು ಕುತ್ತಿಗೆ ಮುಟ್ಟಿ ನೋಡಿಕೊಂಡರು. ನಲವತ್ತು ವರ್ಷದಿಂದ ಹಾಡುತ್ತ ಬಂದವರಿಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ, "ಹಾಗಾದ್ರೆ ಹೇಗಿತ್ತು ಅಂತ ನನಗಿನ್ನು ಗೊತ್ತಾಗೋದೇ ಇಲ್ಲ" ಎಂದರು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ನಸೀಮಾ ಬಂದಳು. "ಪ್ರಫುಲ್ಲಕ್ಕ, ಬಸ್ಸಿಗೆ ಹೊತ್ತಾಯ್ತು, ಹೇಳಿ ಹೋಗೋಣ ಅಂತ ಬಂದೆ. ಅಮ್ಮ, ಏನ್ ಹಾಡು ಅಮ್ಮ ಅದು! ಬರಿಗೈ ಅಂತ ಬರುತ್ತಲ್ಲ, ಅಲ್ಲಿ ಮೊದ್ಲು ಒಂಥರಾ ಇತ್ತು, ಆಮೇಲೆ ಒಂದ್ ಮೆಟ್ಟಿಲು ಹತ್ತಿದ್ರಿ ನೋಡಿ..." ಎಂದವಳು ಮಾತಲ್ಲಿ ಹೇಳಲಾಗದೆ, ಎದೆಯ ಮೇಲೆ ಕೈಯಿಟ್ಟುಕೊಂಡು ಮೊದಲಿನಿಂದ ಹಾಡತೊಡಗಿದಳು. ನನಗೆ ಕಂಡದ್ದು ತುಟಿ ಮಾತ್ರ. ಹಾರಿ ಹೋಗಿ ಅವಳ ಬಾಯಿ ಮುಚ್ಚಿದೆ. "ಬೇಡ ಕಣೆ, ಪಲ್ಲವಿ ದಾಟ್ಬೇಡ! ಒಂದು ಹೋಗುತ್ತೆ!"

ನಸೀಮಾ ನನ್ನ ಕೈ ಕಿತ್ತು, "ಹೋದ್ರೆ ಹೋಗ್ಲಿ ಬಿಡಿ ಅಕ್ಕ. ಆಮೇಲೂ ಐದಿರುತ್ತಲ್ಲ" ಎಂದಳು.

ರತ್ನಾವಳಿಯವರು ಗೋಡೆ ಬಿಟ್ಟು ಈಚೆ ತಿರುಗಿದರು. "ಹಾಡ್ಲಿ ಬಿಡು ಅವಳನ್ನ" ಎಂದರು. "ವಾಮನಯ್ಯ, ಆ ಮಣೆ ಇಲ್ಲಿ ಹಾಕಿ." ನಸೀಮಾಳನ್ನು ಅದರ ಮೇಲೆ ಕೂರಿಸಿ, ತಾವು ಅವಳೆದುರು ನೆಲದ ಮೇಲೆ ಕೂತರು. ನಾನು ಅವರ ಪಕ್ಕಕ್ಕೆ ಕೂತೆ. ನಸೀಮಾ ಒಮ್ಮೆ ನಾಚಿಕೊಂಡು ನಕ್ಕು, ಮತ್ತೆ ಶುರು ಮಾಡಿದಳು. ಸಾಲುಗಳು ಅಲ್ಲಲ್ಲಿ ಮರೆತುಹೋಗಿ ಕೈಯಲ್ಲೇ ಅಳೆಯುತ್ತ ದಾಟಿದಳು. ಮೂರನೆಯ ಚರಣಕ್ಕೆ ಬಂದಾಗ ಅವಳು ತಾನಾಗಿ ನಿಧಾನವಾದಳು. ಗದ್ದ ಒಂದು ಸಲ ಮೇಲೆದ್ದು, ಆಮೇಲೆ ಸಮಕ್ಕೆ ಬಂದು ನಿಂತಿತು. ಹುಬ್ಬಿನ ನಡುವೆ ಒಂದು ಗೆರೆಯೂ ಇರಲಿಲ್ಲ. ಕಣ್ಣು ಎಲ್ಲೋ ಒಂದು ಕಡೆ ಹೋಗಿ ನಿಂತವು, ನಿಂತೇ ಇದ್ದವು. ಮೂವತ್ತಮೂರು ವರ್ಷದ ಹಿಂದೆ ಲಾಡು ಮರೆತು ಬಂದ ದಿನ ನನ್ನ ಮುಖ ಹೇಗಿದ್ದಿರಬೇಕೆಂದು ನನಗೆ ಅವತ್ತು ಗೊತ್ತಾಯಿತು.

ರತ್ನಾವಳಿಯವರು ಬಾಗಿ ಬಾಗಿ ಆ ಮುಖವನ್ನು ನೋಡುತ್ತಿದ್ದರು. ಆಮೇಲೆ ನನ್ನ ಮಣಿಕಟ್ಟು ನೋಯುವ ಹಾಗೆ ಹಿಡಿದರು. "ಕೂತಿದೆ ಕಣೆ" ಎಂದರು. "ಪ್ರಫುಲ್ಲಾ, ಕೂತಿದೆ."

ಹೊರಗೆ ಬಸ್ಸಿನ ಡ್ರೈವರು ಬಿಡದೆ ಹಾರ್ನು ಹೊಡೆಯುತ್ತಿದ್ದ. ಹಾಡು ಮುಗಿಯುವವರೆಗೆ ನಿಲ್ಲಲು ಹೇಳಿ ಬರುತ್ತೇನೆಂದು ವಾಮನಯ್ಯ ಟವೆಲು ಹಿಡಿದುಕೊಂಡೇ ಓಡಿದರು.